ಬಾರ್ಕೂರು, ಬಸ್ರೂರು, ಭಟ್ಕಳ, ಕುಮಟಾ, ಮಂಗಳೂರು: ಹಳೆ ಬಂದರುಗಳಲ್ಲಿ ಯಾವುದು ಯಾಕೆ ಮಂಕಾಯಿತು, ಯಾವುದು ಯಾಕೆ ಉಳಿಯಿತು?

ಘಟ್ಟದಾರಿ (ವಿಷಯ ಆರಂಭ)

ಮೊರಾಕೋದ ಪ್ರವಾಸಿ ಇಬ್ನ್ ಬತೂತ 1342ರ ಸುಮಾರಿಗೆ ನಮ್ಮ ಕರಾವಳಿಯಲ್ಲಿ ಬಂದಾಗ ಹೊನ್ನಾವರ, ಬಸ್ರೂರು, ಬಾರ್ಕೂರು, ಮಂಗಳೂರು ನಾಲ್ಕನ್ನೂ ಹೆಸರು ಹಿಡಿದು ಬರೆದಿದ್ದಾನೆ. ಇವತ್ತು ಬಾರ್ಕೂರಿನಲ್ಲಿ ಬಸ್ಸಿನಿಂದ ಇಳಿದವರಿಗೆ ಸುತ್ತ ಕಾಣುವುದು ಗದ್ದೆ, ತೆಂಗಿನ ತೋಟ, ಕಲ್ಲಿನ ದೇವಸ್ಥಾನ. ಅರಬ್ಬಿ ಹಡಗುಗಳು ಬರುತ್ತಿದ್ದ ಪಟ್ಟಣ ಇದೇ ಎಂದರೆ ನಂಬುವುದು ಕಷ್ಟ.

ನನ್ನ ಪ್ರಶ್ನೆಗಳು ಇಷ್ಟು. ಈ ಬಂದರುಗಳು ಸಮುದ್ರದ ಅಂಚಿನಲ್ಲಿ ಇರದೆ ಹೊಳೆಯ ಒಳಗೆ ಯಾಕಿದ್ದವು? ಹೊಟ್ಟೆ ಹೊರೆದದ್ದು ಯಾವ ಸರಕಿನಿಂದ? ಉಳಿದವೆಲ್ಲ ಸಣ್ಣ ಊರುಗಳಾದ ಮೇಲೆ ಮಂಗಳೂರು ಮಾತ್ರ ನಗರವಾಗಿ ನಿಂತದ್ದು ಹೇಗೆ? "ಹೂಳು ತುಂಬಿತು" ಎನ್ನುವ ಒಂದು ಸಾಲಿನ ಉತ್ತರ ಎಲ್ಲ ಕಡೆ ಸಿಗುತ್ತದೆ. ಅದರಾಚೆಗೆ ವಿವರ ಬಲ್ಲವರು ದಯವಿಟ್ಟು ಬರೆಯಿರಿ.

ದಕ್ಕೆಬದಿ

ಮೊದಲನೆಯದಕ್ಕೆ ಉತ್ತರ ಅಳಿವೆಯಲ್ಲಿದೆ, ಅಂದರೆ ಹೊಳೆ ಕಡಲು ಸೇರುವ ಬಾಯಿಯಲ್ಲಿ.

ನಮ್ಮ ಹೊಳೆಗಳು ಕಡಲಿಗೆ ನೇರ ಬಾಯಿ ತೆರೆಯುವುದು ಕಡಿಮೆ. ಅಲೆಗಳು ತಂದೊಟ್ಟುವ ಮರಳು ಉದ್ದನೆಯ ಪಟ್ಟಿಯಾಗಿ ಅಡ್ಡ ನಿಲ್ಲುತ್ತದೆ. ಹೊಳೆ ಆ ಪಟ್ಟಿಯ ಹಿಂದೆ ಕಡಲಿಗೆ ಸಮನಾಗಿ ಸ್ವಲ್ಪ ದೂರ ಹರಿದು, ಎಲ್ಲಿ ಮರಳು ಸಡಿಲವೋ ಅಲ್ಲಿ ಹೊರಬೀಳುತ್ತದೆ. ಬಾರ್ಕೂರಿನ ಎದುರು ಕೋಡಿಬೆಂಗ್ರೆ, ಮಂಗಳೂರಿನ ಎದುರು ತಣ್ಣೀರುಬಾವಿ–ಬೆಂಗರೆ, ಎರಡೂ ಇಂಥ ಪಟ್ಟಿಗಳೇ. ಪಟ್ಟಿಯ ಹೊರಗೆ ಅಲೆ, ಒಳಗೆ ನಿಂತಂಥ ನೀರು. ಲಂಗರು ಹಾಕಿ ತಿಂಗಳುಗಟ್ಟಲೆ ಇರಬೇಕಾದ ಮರದ ಹಡಗಿಗೆ ಒಳಗಿನ ನೀರೇ ಬೇಕು.

ಇನ್ನೊಂದು ಕಾರಣವನ್ನು ಹೆಚ್ಚಿನವರು ಹೇಳುವುದಿಲ್ಲ. ಉಪ್ಪುನೀರಿನಲ್ಲಿ ಮರ ಕೊರೆಯುವ ಹುಳು ಇರುತ್ತದೆ. ಹಲಗೆಯ ಹೊರಮೈಯಲ್ಲಿ ಸೂಜಿಮೊನೆಯಷ್ಟು ತೂತು, ಒಳಗೆಲ್ಲ ಟೊಳ್ಳು. ಸಿಹಿನೀರಿನಲ್ಲಿ ಅದು ಬದುಕುವುದಿಲ್ಲ. ಹೊಳೆಯಲ್ಲಿ ಮೇಲಕ್ಕೆ, ಉಪ್ಪು ತಗ್ಗುವ ಜಾಗಕ್ಕೆ ಹಡಗು ತಂದು ಕೆಲವು ವಾರ ನಿಲ್ಲಿಸಿದರೆ ತಳ ಉಳಿಯುತ್ತದೆ. ಕುಡಿಯುವ ನೀರೂ ಅಲ್ಲೇ ಸಿಗುತ್ತದೆ, ಕಡಲ್ಗಳ್ಳರಿಂದ ದೂರವೂ ಆಯಿತು.

ಇಷ್ಟೆಲ್ಲ ಅನುಕೂಲಕ್ಕೆ ಕೊಡಬೇಕಾದ ಬೆಲೆ ಅಳಿವೆ ದಾಟುವುದು. ಅಲೆಯ ಎತ್ತರ ನೀರಿನ ಆಳದ ಮುಕ್ಕಾಲು ಪಾಲು ಮುಟ್ಟಿತೆಂದರೆ ಅದು ಒಡೆಯುತ್ತದೆ. ಅಳಿವೆಯ ದಿಬ್ಬದ ಮೇಲೆ ಎರಡೂವರೆ ಮೀಟರ್ ನೀರಿದ್ದರೆ ಎರಡು ಮೀಟರ್ ಅಲೆ ಅಲ್ಲೇ ಒಡೆಯುತ್ತದೆ. ಸರಕು ತುಂಬಿದ ಮಂಜಿಯ (ಮರದ ಸರಕುಹಡಗಿನ) ತಳ ಎರಡು ಮೀಟರಿನಷ್ಟು ಕೆಳಗಿರುತ್ತದೆ. ನಮ್ಮಲ್ಲಿ ಉಬ್ಬರ–ಇಳಿತದ ಅಂತರ ದೊಡ್ಡದಲ್ಲ, ಅಮಾವಾಸ್ಯೆ–ಹುಣ್ಣಿಮೆಯಲ್ಲೂ ಸುಮಾರು ಒಂದೂವರೆ ಮೀಟರ್. ದಾಟುವುದೋ ಬಿಡುವುದೋ ಎನ್ನುವುದನ್ನು ಆ ಒಂದೂವರೆ ಮೀಟರೇ ತೀರ್ಮಾನಿಸುತ್ತದೆ.

ಒಳಬರುವ ಹಡಗು ನೀರು ಏರುತ್ತಿರುವಾಗ ದಾಟಬೇಕು. ತಳ ತಾಗಿ ನಿಂತರೂ ಇನ್ನೊಂದು ತಾಸಿನಲ್ಲಿ ನೀರೇ ಎತ್ತಿ ಬಿಡುತ್ತದೆ. ನೀರು ಇಳಿಯುವಾಗ ಸಿಕ್ಕಿಕೊಂಡರೆ ಕೆಲಸ ಕೆಟ್ಟಿತು: ಹಿಂಭಾಗವನ್ನು ಅಲೆ ಪಕ್ಕಕ್ಕೆ ತಿರುಗಿಸುತ್ತದೆ, ಹಡಗು ಅಡ್ಡವಾಗಿ ನಿಲ್ಲುತ್ತದೆ, ಆಮೇಲೆ ಒಂದೊಂದು ಅಲೆಯೂ ಎತ್ತಿ ನೆಲಕ್ಕೆ ಬಡಿಯುತ್ತದೆ. ಹೊರಹೋಗುವಾಗ ಇಳಿಯುವ ನೀರಿನ ಸೆಳೆತ ಸಹಾಯ ಮಾಡುತ್ತದೆ ಎಂದು ಹೊಸಬರು ಎಣಿಸುತ್ತಾರೆ. ಎದುರಿನಿಂದ ಬರುವ ಅಲೆಗೆ ಆ ಸೆಳೆತ ಢಿಕ್ಕಿ ಹೊಡೆದಾಗ ಅಲೆ ಗಿಡ್ಡವಾಗಿ, ಕಡಿದಾಗಿ ಎದ್ದು ನಿಲ್ಲುತ್ತದೆ. ಹಾಗಾಗಿ ನೀರು ತುಂಬಿ ನಿಂತ ಹೊತ್ತೇ ಹೊರಡಲು ಒಳ್ಳೆಯದು.

ಶಾಸನಪ್ರಿಯೆ

ದಕ್ಕೆಬದಿಯವರು ಹೇಳಿದ "ತಿಂಗಳುಗಟ್ಟಲೆ" ಎನ್ನುವ ಮಾತನ್ನು ಮುಂದುವರಿಸುತ್ತೇನೆ, ಈ ಪಟ್ಟಣಗಳ ಗುಣ ರೂಪುಗೊಂಡದ್ದೇ ಅದರಿಂದ.

ಏಡನ್ ಕಡೆಯ ಹಡಗುಗಳು ಮುಂಗಾರಿನ ಬಿರುಸು ತಗ್ಗುವ ಆಗಸ್ಟ್ ಕೊನೆ, ಸೆಪ್ಟೆಂಬರಿನಲ್ಲಿ ಹೊರಟು ಇಲ್ಲಿಗೆ ಬರುತ್ತಿದ್ದವು. ಮರಳಿ ಹೋಗಲು ಈಶಾನ್ಯದ ಗಾಳಿ ಬೀಸಬೇಕು, ಅಂದರೆ ನವೆಂಬರಿನ ನಂತರ. ನಡುವೆ ಸರಕು ಮಾರಿ, ಹೊಸದು ಕೊಂಡು, ಗಾಳಿಗಾಗಿ ಕಾಯಬೇಕು. ಆ ಅವಕಾಶ ತಪ್ಪಿದರೆ ಇನ್ನೊಂದು ಮಳೆಗಾಲ ಇಲ್ಲೇ. ಕಾಯುವವರಿಗೆ ಮನೆ ಬೇಕು, ಗೋದಾಮು ಬೇಕು, ಪ್ರಾರ್ಥನೆಗೆ ಜಾಗ ಬೇಕು, ಜಗಳವಾದರೆ ತೀರ್ಪು ಹೇಳುವವರು ಬೇಕು. ಹಲವರು ಇಲ್ಲೇ ಮದುವೆಯಾದರು. ಭಟ್ಕಳದ ನವಾಯತರು, ಮಂಗಳೂರಿನ ಬ್ಯಾರಿಗಳ ಹಿನ್ನೆಲೆಯಲ್ಲಿ ಈ ಕಾಯುವಿಕೆ ಇದೆ.

ಬಾರ್ಕೂರು ಇಂದಿಗೂ ಕೇರಿಗಳ ಲೆಕ್ಕದಲ್ಲಿದೆ: ಮೂಡುಕೇರಿ, ಮಣಿಗಾರಕೇರಿ, ಚೌಳಿಕೇರಿ, ಕೋಟೆಕೇರಿ ಹೀಗೆ. ಶಾಸನಗಳಲ್ಲಿ ಈ ಕೇರಿಗಳ "ಹಲರು" (ಕೇರಿಯ ಪ್ರಮುಖರ ಕೂಟ), ಸೆಟ್ಟಿಕಾರರು, ನಖರದವರು ಎಂಬ ವರ್ತಕ ಸಂಘದವರು, ಹಂಜಮಾನದವರು ಬರುತ್ತಾರೆ. ಹಂಜಮಾನ ಎಂದರೆ ಹೊರನಾಡಿನಿಂದ, ಮುಖ್ಯವಾಗಿ ಅರಬ್ ಕಡೆಯಿಂದ ಬಂದ ವರ್ತಕರ ಕೂಟ. ದೇವಸ್ಥಾನಕ್ಕೆ ದಾನ ಕೊಟ್ಟರೆ ಅದನ್ನು ನೋಡಿಕೊಳ್ಳುವ ಹೊಣೆ ಕೇರಿಯ ಹಲರ ಮೇಲೆ. ರಾಜ ದೂರದಲ್ಲಿದ್ದ, ರಾಜ್ಯಪಾಲ ಬದಲಾಗುತ್ತಿದ್ದ, ಕೇರಿ ಮಾತ್ರ ಅಲ್ಲೇ ಇತ್ತು.

ಬಾರ್ಕೂರಿನ ದೊರೆಯ ಬಳಿ ಮೂವತ್ತರಷ್ಟು ಯುದ್ಧನೌಕೆಗಳಿದ್ದವು, ಅವುಗಳ ಮುಖ್ಯಸ್ಥ ಒಬ್ಬ ಮುಸ್ಲಿಮ ಎಂದು ಇಬ್ನ್ ಬತೂತ ಬರೆಯುತ್ತಾನೆ. ಅಲ್ಲಿಂದ ಹಾದುಹೋಗುವ ಪ್ರತಿ ಹಡಗೂ ಲಂಗರು ಹಾಕಿ "ಬಂದರಿನ ಹಕ್ಕು" ಎಂದು ಕಾಣಿಕೆ ಒಪ್ಪಿಸಬೇಕು. ಒಪ್ಪಿಸದೆ ಸಾಗಿದರೆ ನೌಕೆಗಳು ಬೆನ್ನಟ್ಟಿ ಹಿಡಿದು ತಂದು ಎರಡು ಪಟ್ಟು ವಸೂಲಿ ಮಾಡುತ್ತಿದ್ದವು. ಮಂಗಳೂರಿನಲ್ಲಿ ಫಾರ್ಸ್ (ಪರ್ಶಿಯಾ), ಯೆಮೆನ್ ಕಡೆಯ ವರ್ತಕರು ಇಳಿಯುತ್ತಾರೆ, ಮೆಣಸು, ಶುಂಠಿ ಹೇರಳ, ಸುಮಾರು 4000 ಮುಸ್ಲಿಮರು ಪಟ್ಟಣದ ಪಕ್ಕದಲ್ಲಿ ನೆಲೆಸಿದ್ದಾರೆ ಎಂಬುದೂ ಅವನದೇ ಮಾತು.

ಇದಕ್ಕೂ ಇನ್ನೂರು ವರ್ಷ ಮೊದಲು ಮಂಗಳೂರಿನಲ್ಲಿ ಒಬ್ಬ ಯಹೂದಿ ವರ್ತಕನಿದ್ದ, ಅಬ್ರಹಾಂ ಬೆನ್ ಯಿಜು. 1132ರಿಂದ 1149ರವರೆಗೆ ಇಲ್ಲೇ ಇದ್ದು, ಅಶು ಎಂಬ ಇಲ್ಲಿನ ದಾಸಿಯನ್ನು 1132ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲೇ ಪತ್ರ ಬರೆದು ಬಿಡುಗಡೆ ಮಾಡಿದ. ಅವನ ಕಾಗದಪತ್ರಗಳು ಕೈರೋದ ಸಿನಗಾಗಿನಲ್ಲಿ ಹಳೆ ಕಾಗದ ಕೂಡಿಡುವ ಗೆನಿಜಾ ಕೋಣೆಯಲ್ಲಿ ಉಳಿದುಬಂದವು. ಅವನ್ನು ಓದಿದರೆ ವ್ಯಾಪಾರ ಹೇಗೆ ನಡೆಯುತ್ತಿತ್ತು ಎಂದು ಕಣ್ಣಿಗೆ ಕಟ್ಟುತ್ತದೆ. ಏಡನ್‌ನಿಂದ ಒಡೆದ ತಾಮ್ರದ, ಕಂಚಿನ ಪಾತ್ರೆಗಳು ಬರುತ್ತವೆ. ಇಂಥ ಅಳತೆಯ ಹೂಜಿ, ಇಂಥ ತಟ್ಟೆ, ಇಂಥ ದೀಪ ಮಾಡಿಸಿ ಕಳುಹಿಸು ಎಂಬ ಸೂಚನೆ ಜೊತೆಗಿರುತ್ತದೆ. ಅವನ ಕಾರ್ಖಾನೆಯ ಕಂಚುಗಾರರು ಅವನ್ನು ಕರಗಿಸಿ ಹೊಸ ಪಾತ್ರೆ ಮಾಡಿಕೊಡುತ್ತಾರೆ. ಇಲ್ಲಿಂದ ಅಡಿಕೆ, ಕಬ್ಬಿಣ, ಮೆಣಸು, ಏಲಕ್ಕಿ ಹೋಗುತ್ತದೆ. ಅಲ್ಲಿಂದ ಅವನ ಬಳಕೆಗೆ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತದೆ. ಬರೆಯುವ ಕಾಗದ ಇಲ್ಲಿ ಸಿಗುತ್ತಿರಲಿಲ್ಲ.

ಮುಡಿಅಕ್ಕಿ

ಮೆಣಸು, ಕುದುರೆ, ಕಂಚು ಎಲ್ಲ ಸರಿ. ಈ ಕರಾವಳಿಯ ಬಂದರುಗಳನ್ನು ಸಾಕಿದ್ದು ಅಕ್ಕಿ ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ಮಲಬಾರಿನಲ್ಲಿ ಮೆಣಸು ಹೆಚ್ಚು, ಅಕ್ಕಿ ಕಡಿಮೆ. ಗೋವಾಕ್ಕೆ ಸ್ವಂತ ಅಕ್ಕಿ ಸಾಲದು. ಅರಬ್ಬಿ ಕಡಲಾಚೆಯ ಹೋರ್ಮುಜ್, ಮಸ್ಕತ್‌ಗಳಲ್ಲಿ ಬೆಳೆಯುವುದೇ ಇಲ್ಲ. ಈ ಎಲ್ಲ ಹೊಟ್ಟೆಗಳಿಗೆ ಹತ್ತಿರದ ಕಣಜ ಎಂದರೆ ಗಂಗೊಳ್ಳಿಯಿಂದ ನೇತ್ರಾವತಿಯವರೆಗಿನ ಬಯಲುಗದ್ದೆ. 1502ರಲ್ಲಿ ವಾಸ್ಕೋ ಡ ಗಾಮಾ ಭಟ್ಕಳದ ಮೇಲೆ ಹೇರಿದ ಕಪ್ಪ ಯಾವ ರೂಪದ್ದು ನೋಡಿ: ವರ್ಷಕ್ಕೆ 1000 ಹೇರು ಸಾಧಾರಣ ಅಕ್ಕಿ ಹಡಗಿನ ಆಳುಗಳಿಗೆ, 500 ಹೇರು ಒಳ್ಳೆ ಅಕ್ಕಿ ಕಪ್ತಾನರಿಗೆ. ಚಿನ್ನ ಕೇಳಲಿಲ್ಲ, ಅಕ್ಕಿ ಕೇಳಿದ. ಮುಂದೆ 1568–69ರಲ್ಲಿ ಪೋರ್ಚುಗೀಸರು ಮಂಗಳೂರು, ಹೊನ್ನಾವರ, ಬಸ್ರೂರುಗಳಲ್ಲಿ ಕೋಟೆ ಹಾಕಿದ್ದರ ಹಿಂದೆಯೂ ಗೋವಾದ ಊಟದ ಚಿಂತೆ ಇತ್ತು. 1652–54ರಲ್ಲಿ ಕೆಳದಿಯ ಶಿವಪ್ಪನಾಯಕ ಆ ಮೂರೂ ಕೋಟೆಗಳನ್ನು ಕಿತ್ತುಕೊಂಡಾಗ ಗೋವಾದ ಕೈಗೆ ಬಂದದ್ದು ಬರಿ ಸೋಲಲ್ಲ, ಅಕ್ಕಿಯ ಕೊರತೆ. ಆಮೇಲೆ ಅವರು ಕೆಳದಿಯವರೊಂದಿಗೆ ಒಪ್ಪಂದ ಮಾಡಿಕೊಂಡೇ ಅಕ್ಕಿ ಪಡೆಯಬೇಕಾಯಿತು.

ಅಕ್ಕಿ ಹಡಗು ಹತ್ತುತ್ತಿದ್ದದ್ದು ಮುಡಿಯಲ್ಲಿ. ಮುಡಿ ಕಟ್ಟುವ ಕ್ರಮ ಈಗಿನವರಿಗೆ ಗೊತ್ತಿಲ್ಲದ್ದರಿಂದ ಬರೆಯುತ್ತೇನೆ. ಉದ್ದನೆಯ ಬೈಹುಲ್ಲನ್ನು ಚೆನ್ನಾಗಿ ಬಿಸಿಲಿಗೆ ಒಣಗಿಸಬೇಕು. ಅದರಲ್ಲೇ ಒಂದಿಷ್ಟನ್ನು ಹೊಸೆದು ಹಗ್ಗ ಮಾಡಿಡಬೇಕು. ಉಳಿದ ಹುಲ್ಲನ್ನು ನೆಲದ ಮೇಲೆ ಬುಡ ನಡುವಿಗೆ ಬರುವಂತೆ ಸುತ್ತ ಹರಡಿ, ನಡುವೆ ಅಕ್ಕಿ ಅಳೆದು ಸುರಿಯಬೇಕು. ನಮ್ಮ ಕಡೆ 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ, ಅಂದರೆ 42 ಸೇರು. ಬೇರೆ ಊರಲ್ಲಿ 40 ಸೇರಿನದೂ ಇದೆ. ಹುಲ್ಲಿನ ತುದಿಗಳನ್ನು ಮೇಲಕ್ಕೆ ಎತ್ತಿ ಒಟ್ಟುಗೂಡಿಸಿ ಜುಟ್ಟು ಕಟ್ಟಿ, ಮೈಸುತ್ತ ಹಗ್ಗ ಬಿಗಿಯುತ್ತ, ಮರದ ಕೊಡತಿಯಿಂದ ಬಡಿಯುತ್ತ ಗುಂಡಗೆ ಮಾಡಬೇಕು. ಬಡಿದಷ್ಟೂ ಒಳಗಿನ ಕಾಳು ಕುಳಿತುಕೊಳ್ಳುತ್ತದೆ, ಹಗ್ಗ ಸಡಿಲವಾಗುತ್ತದೆ, ಮತ್ತೆ ಬಿಗಿಯಬೇಕು. ಇದನ್ನು ಮೂರು ನಾಲ್ಕು ಸಲ ಮಾಡದಿದ್ದರೆ ಮುಡಿ ಪೊಳ್ಳು.

ಕೆಡುವುದು ಎರಡು ಕಾರಣಕ್ಕೆ. ಹುಲ್ಲು ಪೂರ್ತಿ ಒಣಗಿರದಿದ್ದರೆ ಒಳಗೆ ಬೂಷ್ಟು ಹಿಡಿಯುತ್ತದೆ. ಕಟ್ಟು ಸಡಿಲವಿದ್ದರೆ ಕಾಳಿನ ನಡುವಿನ ಗಾಳಿಯಲ್ಲಿ ಹುಳ ಸೇರುತ್ತದೆ, ಹಡಗು ಹೊರಳಿದಾಗ ಅಕ್ಕಿ ಒಂದೇ ಬದಿಗೆ ಜಾರಿ ಮುಡಿ ಒಡೆಯುತ್ತದೆ. ಸರಿಯಾಗಿ ಕಟ್ಟಿದ ಕುಚ್ಚಲಕ್ಕಿಯ ಮುಡಿ ಒಂದು ಮಳೆಗಾಲ ಕಳೆದರೂ ಕೆಡದು, ರುಚಿಯೇ ಹೆಚ್ಚುತ್ತದೆ. ಹಡಗಿನ ತಳದಲ್ಲಿ ಸದಾ ಒಸರುವ ನೀರು ನಿಂತಿರುತ್ತದೆ, ಆದ್ದರಿಂದ ಕೆಳಗೆ ಬಿದಿರು, ಅದರ ಮೇಲೆ ತೆಂಗಿನ ಗರಿ ಹಾಸಿ ಆಮೇಲೆ ಮುಡಿ ಇಡುತ್ತಾರೆ. ಗುಂಡಗಿರುವುದರಿಂದ ಒಬ್ಬನೇ ಹೆಗಲ ಮೇಲೆ ಹೊತ್ತು ಹಲಗೆ ಹತ್ತಬಹುದು, ಕೆಳಗೆ ಉರುಳಿಸಲೂಬಹುದು.

ಕಾಳುಮೆಣಸು_ಶರಾವತಿ

ಮುಡಿಅಕ್ಕಿಯವರೇ, ಗೇರುಸೊಪ್ಪೆಯನ್ನು ಬಿಟ್ಟೇಬಿಟ್ಟಿರಲ್ಲ. ಅಲ್ಲಿನ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಸುಮ್ಮನೆ ಅಲ್ಲ. ಹೊನ್ನಾವರದ ಕೋಟೆ ಇದ್ದದ್ದೇ ಶರಾವತಿಯಲ್ಲಿ ಇಳಿದು ಬರುವ ಮೆಣಸಿಗಾಗಿ.

ಮುಡಿಅಕ್ಕಿ

ಶರಾವತಿಗೆ ನಿಮ್ಮ ಮಾತು ಪೂರ್ತಿ ಸಲ್ಲುತ್ತದೆ. ಆದರೆ ಮೆಣಸು ಕಡಿಮೆ ಜಾಗದಲ್ಲಿ ಹೆಚ್ಚು ಬೆಲೆಯ ಸರಕು. ಕೆಲವೇ ವರ್ತಕರು, ಕೆಲವೇ ಹಡಗು, ಲಾಭ ರಾಣಿಯ ಖಜಾನೆಗೆ ಮತ್ತು ದೊಡ್ಡ ಸೆಟ್ಟಿಗಳಿಗೆ. ಅಕ್ಕಿ ಭಾರದ ಸರಕು. ಹೊರುವವರು, ದೋಣಿ ಹುಟ್ಟು ಹಾಕುವವರು, ಮುಡಿ ಕಟ್ಟುವವರು, ಅಳೆಯುವವರು, ಗೋದಾಮಿನವರು ಎಲ್ಲರಿಗೂ ಕೂಲಿ. ಪಟ್ಟಣದ ಕೇರಿಗಳು ತುಂಬುವುದು ಹಾಗೆ.

ಘಟ್ಟದಾರಿ

ಎಲ್ಲರಿಗೂ ವಂದನೆ. ಘಟ್ಟದ ಕಡೆಯಿಂದ ನನ್ನ ಪಾಲಿನದನ್ನು ಸೇರಿಸುತ್ತೇನೆ. ಬಂದರಿಗೆ ಎರಡು ಬಾಗಿಲು: ಎದುರಿಗೆ ಅಳಿವೆ, ಹಿಂದೆ ಘಟ್ಟ. ಎರಡರಲ್ಲಿ ಒಂದು ಮುಚ್ಚಿದರೂ ಪಟ್ಟಣ ಬಡವಾಗುತ್ತದೆ. ಬಾರ್ಕೂರಿನ ಬೆನ್ನಿಗೆ ಆಗುಂಬೆ ಘಾಟಿ, ಬಸ್ರೂರಿನ ಬೆನ್ನಿಗೆ ಹೊಸಂಗಡಿ–ಹುಲಿಕಲ್ ಘಾಟಿ, ಹೊನ್ನಾವರಕ್ಕೆ ಗೇರುಸೊಪ್ಪೆ, ಕುಮಟಾಕ್ಕೆ ದೇವಿಮನೆ, ಮಂಗಳೂರಿಗೆ ಚಾರ್ಮಾಡಿ, ಶಿರಾಡಿ, ಸಂಪಾಜೆ. ಮೇಲಿನಿಂದ ಅಡಿಕೆ, ಮೆಣಸು, ಬಟ್ಟೆ ಹೇರೆತ್ತುಗಳ ಮೇಲೆ ಇಳಿಯುತ್ತಿತ್ತು. ಅದೇ ಎತ್ತು ಉಪ್ಪು, ಕೊಬ್ಬರಿ, ಒಣಮೀನು ಹೊತ್ತು ಹತ್ತುತ್ತಿತ್ತು. ಎರಡು ಕಡೆಯೂ ಹೇರು ಇದ್ದರೆ ಮಾತ್ರ ಬಾಡಿಗೆ ಗಿಟ್ಟುತ್ತದೆ.

ಈಗ ಬಾರ್ಕೂರು ನೋಡಿ. ವಿಜಯನಗರದ ಕಾಲದಲ್ಲಿ ಅದು ಬಾರಕೂರು ರಾಜ್ಯದ ಕೇಂದ್ರ. ವಿಜಯನಗರ ಬಿದ್ದು, 17ನೇ ಶತಮಾನದಲ್ಲಿ ಕೆಳದಿಯವರ ರಾಜಧಾನಿ ಬಿದನೂರಿಗೆ, ಅಂದರೆ ಈಗಿನ ನಗರಕ್ಕೆ ಹೋಯಿತು. ನಗರದಿಂದ ಕಡಲಿಗೆ ಹತ್ತಿರದ ದಾರಿ ಹೊಸಂಗಡಿಯದು. ಸಾಮಾನು ಬಸ್ರೂರು–ಕುಂದಾಪುರಕ್ಕೆ ಇಳಿಯಿತು. ಬಾರ್ಕೂರಿನ ಅಳಿವೆಯಲ್ಲಿ ಒಂದು ಹಿಡಿ ಹೂಳೂ ಹೆಚ್ಚಾಗದಿದ್ದರೂ ಅದರ ವ್ಯಾಪಾರ ಬಸ್ರೂರಿಗೆ ತಿರುಗುತ್ತಿತ್ತು. ಬಸ್ರೂರು ಎಷ್ಟು ಶ್ರೀಮಂತವಿತ್ತು ಎನ್ನಲು 1665ರ ಫೆಬ್ರವರಿಯಲ್ಲಿ ಶಿವಾಜಿ ಕಡಲ ದಾರಿಯಲ್ಲೇ ಬಂದು ಅದನ್ನು ಸೂರೆ ಮಾಡಿದ್ದೇ ಸಾಕ್ಷಿ.

ಕುಮಟಾದ್ದು ಇನ್ನೂ ಸ್ಪಷ್ಟ ಉದಾಹರಣೆ. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಿತು. ಧಾರವಾಡದ ಕಪ್ಪುನೆಲದ ಹತ್ತಿಗೆ ಬೆಲೆ ಏರಿತು. ಅದು ದೇವಿಮನೆ ಇಳಿದು ಕುಮಟಾದಲ್ಲಿ ಹಡಗು ಹತ್ತಿ ಮುಂಬಯಿಗೆ ಹೋಗುತ್ತಿತ್ತು. ಮಾರುಕಟ್ಟೆಯಲ್ಲಿ ಆ ಹತ್ತಿಗೆ "ಕುಮಟಾ" ಎಂದೇ ಹೆಸರಾಯಿತು, ಕುಮಟಾದಲ್ಲಿ ಒಂದು ಹತ್ತಿ ಗಿಡವೂ ಇರಲಿಲ್ಲ. ಹತ್ತಿಯ ಹಿತಾಸಕ್ತಿಗಾಗಿಯೇ, ಕಾರವಾರದಲ್ಲಿ ದೊಡ್ಡ ಬಂದರು ಮಾಡುವ ಉದ್ದೇಶದಿಂದ, 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಕಾರವಾರಕ್ಕೆ ರೈಲು ಮಾತ್ರ ಬರಲಿಲ್ಲ. 1880ರ ದಶಕದ ಕೊನೆಗೆ ರೈಲು ಗೋವಾದ ಮುರ್ಮಗೋವಾಕ್ಕೆ ಇಳಿಯಿತು. ಹುಬ್ಬಳ್ಳಿಯ ಹತ್ತಿ ಆ ಕಡೆ ಹರಿಯಿತು. ಕುಮಟಾದ ಕಡಲಿಗೆ ಏನೂ ಆಗಿರಲಿಲ್ಲ, ಹಿಂಬಾಗಿಲು ಮುಚ್ಚಿತು ಅಷ್ಟೇ.

ಶಾಸನಪ್ರಿಯೆ

ಭಟ್ಕಳಕ್ಕೂ ಇದೇ ತರ್ಕ ಹಚ್ಚಬಹುದು, ಅಲ್ಲಿ ಮುಚ್ಚಿದ್ದು ಗಿರಾಕಿಯ ಬಾಗಿಲು. ಹೋರ್ಮುಜ್‌ನಿಂದ ಬರುವ ಕುದುರೆಗೆ ವಿಜಯನಗರವೇ ದೊಡ್ಡ ಖರೀದಿದಾರ. ಅಲ್ಲಿನ ದೊರೆ ಸಾಳುವ ನರಸಿಂಹ ಸಾವಿರ ಪರ್ದಾವಿಗೆ (ಚಿನ್ನದ ನಾಣ್ಯ) ಮೂರರಂತೆ ಕುದುರೆ ಕೊಳ್ಳುತ್ತಿದ್ದ, ದಾರಿಯಲ್ಲಿ ಸತ್ತದ್ದರ ಬಾಲ ತಂದು ತೋರಿಸಿದರೂ ಹಣ ಕೊಡುತ್ತಿದ್ದ ಎಂದು ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿದ್ದಾನೆ. ಕಡಲಲ್ಲಿ ಕುದುರೆ ಸಾಯುವುದು ಅಷ್ಟು ಸಾಮಾನ್ಯ. ನಷ್ಟವನ್ನು ವರ್ತಕನ ತಲೆಗೆ ಕಟ್ಟಿದರೆ ಅವನು ಕುದುರೆಯನ್ನು ಬಹಮನಿಯವರಿಗೆ ಒಯ್ಯುತ್ತಾನೆ, ಅದು ದೊರೆಗೆ ಗೊತ್ತಿತ್ತು. 1510ರಲ್ಲಿ ಅಲ್ಬುಕರ್ಕ್ ಗೋವಾ ಹಿಡಿದು ಕುದುರೆ ಹಡಗುಗಳೆಲ್ಲ ಅಲ್ಲೇ ಇಳಿಯಬೇಕೆಂದು ಒತ್ತಾಯಿಸಿದ. 1542ರಲ್ಲಿ ಪೋರ್ಚುಗೀಸರು ಭಟ್ಕಳವನ್ನು ಸುಟ್ಟರು. 1565ರಲ್ಲಿ ವಿಜಯನಗರ ಬಿದ್ದು ಕೊಳ್ಳುವವರೇ ಇಲ್ಲವಾದರು.

ಹಂಚಿನಮಾಡು

> ಮಂಗಳೂರು ಮಾತ್ರ ನಗರವಾಗಿ ನಿಂತದ್ದು ಹೇಗೆ?

ಸರಕು ಬದಲಾದಾಗೆಲ್ಲ ಮಂಗಳೂರು ಹೊಸ ಸರಕು ಹಿಡಿಯಿತು. ಜೊತೆಗೆ 1763ರಲ್ಲಿ ಹೈದರ್ ಅದನ್ನು ತನ್ನ ನೌಕಾನೆಲೆ ಮಾಡಿಕೊಂಡ, 1799ರ ನಂತರ ಇಂಗ್ಲಿಷರು ಜಿಲ್ಲಾಡಳಿತವನ್ನು ಇಲ್ಲೇ ಇಟ್ಟರು. ಕಚೇರಿ, ಕೋರ್ಟು, ಸುಂಕದಕಟ್ಟೆ ಇರುವ ಊರನ್ನು ವರ್ತಕ ಬಿಟ್ಟು ಹೋಗುವುದಿಲ್ಲ.

ಹಂಚಿನ ಕತೆ ನೋಡೋಣ. ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಮೊದಲ ಹಂಚಿನ ಕಾರ್ಖಾನೆ ಆರಂಭಿಸಿದರು. ಮುಂದೆ ಬಂದ ಕಾರ್ಖಾನೆಗಳೂ ನೇತ್ರಾವತಿ, ಗುರುಪುರ ಹೊಳೆಗಳ ದಡದಲ್ಲೇ ಏಳಲು ಕಾರಣ ಸರಳ: ಜೇಡಿಮಣ್ಣು ಮತ್ತು ಸೌದೆ ಪಡಾವಿನಲ್ಲಿ (ಹೊಳೆಯ ಸರಕುದೋಣಿ) ಬರುತ್ತದೆ, ಬೆಂದ ಹಂಚು ಪಡಾವಿನಲ್ಲೇ ಬಂದರಿಗೆ ಹೋಗುತ್ತದೆ. ಒಂದು ಹಂಚು ಸುಮಾರು ಎರಡೂವರೆ ಕಿಲೋ. ಹತ್ತು ಸಾವಿರ ಹಂಚೆಂದರೆ 25 ಟನ್. ಆ ಕಾಲದ ಗಾಡಿರಸ್ತೆಯಲ್ಲಿ ಇಷ್ಟನ್ನು ಒಯ್ಯಲು ಹೊರಟರೆ ಬಾಡಿಗೆ ಹಂಚಿನ ಬೆಲೆಯನ್ನೇ ಮೀರುತ್ತದೆ, ಒಡೆಯುವುದು ಬೇರೆ. ಹಡಗಿನಲ್ಲಿ ಆ ಭಾರವೇ ಉಪಯೋಗಕ್ಕೆ ಬರುತ್ತದೆ, ತಳದಲ್ಲಿಟ್ಟರೆ ಹಡಗು ಸ್ಥಿರ. ತುಂಬುವಾಗ ಹಂಚನ್ನು ಅಂಚಿನ ಮೇಲೆ ನಿಲ್ಲಿಸಿ ಒಂದಕ್ಕೊಂದು ಒತ್ತಿ ಸಾಲು ಮಾಡಬೇಕು, ಸಾಲುಗಳ ನಡುವೆ ಹುಲ್ಲು ತುರುಕಬೇಕು. ಮಲಗಿಸಿ ಒಟ್ಟಿದರೆ ಕೆಳಗಿನ ಹಂಚಿನ ನಡುವಿಗೇ ಭಾರ ಬಿದ್ದು ಅಲೆಯ ಮೊದಲ ಹೊಡೆತಕ್ಕೆ ಸೀಳುತ್ತದೆ. ಬೆಂಕಿ ಸಾಲದೆ ಅರೆಬೆಂದ ಹಂಚಿದ್ದರೆ ತಟ್ಟಿದಾಗ ಮಂಕು ಸದ್ದು ಬರುತ್ತದೆ. ಅದನ್ನು ದಕ್ಕೆಯಲ್ಲೇ (ಸರಕು ಹತ್ತಿಸುವ ಕಟ್ಟೆ) ಬೇರೆ ತೆಗೆಯಬೇಕು, ಮಳೆಗೆ ಅದು ನೀರು ಕುಡಿದು ಪಾಚಿ ಕಟ್ಟುತ್ತದೆ.

ಕಾಫಿಕಣ

ಕಾಫಿಯನ್ನೂ ಸೇರಿಸಿ. ಕೊಡಗು, ಚಿಕ್ಕಮಗಳೂರಿನ ಕಾಫಿ ಹದ ಮಾಡಲು ಮಂಗಳೂರಿಗೆ ಇಳಿಯುತ್ತಿತ್ತು, ಕರಾವಳಿಯ ಬಿಸಿಲು ಮಲೆನಾಡಿನಲ್ಲಿ ಸಿಗದು. ಹಾಯಿಹಡಗಿನ ಕಾಲದಲ್ಲಿ ಯೂರೋಪಿಗೆ ಆಫ್ರಿಕಾ ಸುತ್ತಿಕೊಂಡು ತಿಂಗಳುಗಟ್ಟಲೆ ಪ್ರಯಾಣ. ಒಳಗಿನ ತೇವಕ್ಕೆ ಬೀಜ ಊದಿ, ಹಸಿರು ಹೋಗಿ ಹೊಂಬಣ್ಣಕ್ಕೆ ತಿರುಗಿ, ಹುಳಿ ಕಳೆದುಕೊಂಡು ತಲುಪುತ್ತಿತ್ತು. ಅಲ್ಲಿಯವರಿಗೆ ಆ ರುಚಿಯೇ ಅಭ್ಯಾಸವಾಯಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಉಗಿಹಡಗು ಬಂದ ಮೇಲೆ ಕಾಫಿ ಬೇಗ, ಹಸಿರಾಗಿಯೇ ತಲುಪತೊಡಗಿತು, ಗಿರಾಕಿಗಳಿಗೆ ಹಿಡಿಸಲಿಲ್ಲ. ಅದಕ್ಕೆ ನಮ್ಮ ಕರಾವಳಿಯವರು ಹಡಗಿನಲ್ಲಿ ಆಗುತ್ತಿದ್ದುದನ್ನು ಗೋದಾಮಿನಲ್ಲೇ ಮಾಡಿದರು.

ಜೂನ್‌ನಿಂದ ಸೆಪ್ಟೆಂಬರ್ ಅದರ ಕಾಲ. ಹಣ್ಣಿನ ಸಮೇತ ಒಣಗಿಸಿ ಸಿಪ್ಪೆ ತೆಗೆದ ಬೀಜವನ್ನು ಬದಿ ತೆರೆದ ಗೋದಾಮಿನ ನೆಲದಲ್ಲಿ ನಾಲ್ಕರಿಂದ ಆರು ಇಂಚು ದಪ್ಪಕ್ಕೆ ಹರಡಿ, ಆಗಾಗ ಕೈಯಾಡಿಸುತ್ತಾರೆ. ಕೆಲವು ದಿನಗಳಲ್ಲಿ ತೇವ ಹೀರಿದ ಮೇಲೆ ಗೋಣಿಗೆ ಸಡಿಲವಾಗಿ ತುಂಬಿ, ಸಾಲುಗಳ ನಡುವೆ ಗಾಳಿ ಆಡುವಂತೆ ಜಾಗ ಬಿಟ್ಟು ಒಟ್ಟುತ್ತಾರೆ. ವಾರಕ್ಕೊಮ್ಮೆ ಗೋಣಿ ಬಿಚ್ಚಿ ಸುರಿದು ಮತ್ತೆ ತುಂಬಬೇಕು. ಒಟ್ಟು 12ರಿಂದ 16 ವಾರ. ಗೋಣಿ ಬಿಗಿಯಾಗಿ ತುಂಬಿದರೆ, ಅಥವಾ ಸಾಲು ಹತ್ತಿರ ಇಟ್ಟರೆ ನಡುವೆ ಕಾವು ಏರಿ ಬೂಷ್ಟು ಹಿಡಿಯುತ್ತದೆ, ಆ ವಾಸನೆ ಮತ್ತೆ ಹೋಗುವುದಿಲ್ಲ. ಕೊನೆಗೆ ಊದದೆ ಉಳಿದ ಬೀಜವನ್ನು ಆರಿಸಿ ತೆಗೆಯಬೇಕು. ಇದೇ ಮಾನ್ಸೂನ್ಡ್ ಮಲಬಾರ್ ಕಾಫಿ, ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ.

ದ್ವೀಪದ_ಹಗ್ಗ

ಅಕ್ಕಿ ಮುಖ್ಯ ಎನ್ನುವವರಿಗೆ ಇನ್ನೊಂದು ಆಧಾರ. ಲಕ್ಷದ್ವೀಪದ ಅಮಿನಿ, ಕಡ್ಮತ್, ಕಿಲ್ತಾನ್, ಚೆಟ್ಲಾಟ್, ಬಿತ್ರಾ ದ್ವೀಪಗಳು ಟಿಪ್ಪುವಿನ ಕಾಲದಲ್ಲಿ ಮೈಸೂರಿಗೆ ಸೇರಿ, 1799ರ ನಂತರ ಕಂಪನಿಯ ಕೈಗೆ ಬಂದು, 1956ರವರೆಗೆ ಮಂಗಳೂರಿನ ಜಿಲ್ಲಾಡಳಿತದ ಅಡಿಯಲ್ಲೇ ಇದ್ದವು. ಅಲ್ಲಿ ಭತ್ತ ಬೆಳೆಯುವುದಿಲ್ಲ, ತೆಂಗು ಬಿಟ್ಟರೆ ಬೇರೆ ದೊಡ್ಡ ಬೆಳೆ ಇಲ್ಲ. ದ್ವೀಪದವರು ನಾರಿನ ಹುರಿಯನ್ನು ಮಂಗಳೂರಿನ ಸರ್ಕಾರಿ ಗೋದಾಮಿಗೇ ಕೊಡಬೇಕು, ಬದಲಿಗೆ ಸರ್ಕಾರ ಗೊತ್ತುಮಾಡಿದ ದರದಲ್ಲಿ ಅಕ್ಕಿ. ಹೊರಗೆ ಹುರಿಯ ಬೆಲೆ ಏರಿದರೂ ಅಕ್ಕಿಯ ಅಳತೆ ಏರುತ್ತಿರಲಿಲ್ಲ. ಊಟ ಕೊಡುವ ಬಂದರಿನ ಮುಂದೆ ದ್ವೀಪದವರ ಕೈ ಹೀಗೆ ಕಟ್ಟಿತ್ತು, ಇದು ಅನ್ಯಾಯವೇ. ಈಗಲೂ ಹಳೆ ಬಂದರಿನಿಂದ ದ್ವೀಪಗಳಿಗೆ ಮಂಜಿ ಹೋಗುತ್ತದೆ: ತರಕಾರಿ, ಸಿಮೆಂಟು, ಜಲ್ಲಿ, ಮರಳು. ಮೇ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಬಂದ್.

ಕುಂದಾಪ್ರ_ಹುಡುಗ

ಇಷ್ಟೆಲ್ಲ ಇದ್ದ ಮೇಲೆ ಮಂಗಳೂರಿನ ಪಕ್ಕದ ಪಣಂಬೂರಿನಲ್ಲಿ ಹೊಸ ಬಂದರು ಯಾಕೆ ಬೇಕಾಯ್ತು ಮಾರಾಯ್ರೆ? ಇದ್ದ ಅಳಿವೆಯನ್ನೇ ಹೂಳೆತ್ತಿ ಆಳ ಮಾಡಬಹುದಿತ್ತಲ್ಲ?

ದಕ್ಕೆಬದಿ

ಆಗುವುದಿಲ್ಲ, ಯಾಕೆಂದು ಹೇಳುತ್ತೇನೆ. ಮಳೆಗಾಲದಲ್ಲಿ ಹೊಳೆಯ ನೆರೆ ಅಳಿವೆಯನ್ನು ತಾನೇ ಅಗಲ ಮಾಡುತ್ತದೆ. ಮಳೆ ನಿಂತು ಹೊಳೆಯ ಬಲ ಕುಗ್ಗಿದ ಮೇಲೆ ಅಲೆ ಮರಳನ್ನು ವಾಪಸು ತಂದು ತುಂಬುತ್ತದೆ. ಒಂದು ಬೇಸಗೆ ತೋಡಿದ್ದು ಮುಂದಿನ ಬೇಸಗೆಗೆ ಮುಚ್ಚಿರುತ್ತದೆ. ಉಗಿಹಡಗುಗಳಿಗೆ ಅಳಿವೆ ದಾಟುವ ಯೋಗ ಎಂದೂ ಇರಲಿಲ್ಲ. ಅವು ಹೊರಗೆ ಲಂಗರು ಹಾಕುತ್ತಿದ್ದವು, ಸರಕನ್ನು ದೋಣಿಗಳಲ್ಲಿ ಒಯ್ದು ಏರಿಸಬೇಕು. ಒಂದೇ ಸರಕನ್ನು ಎರಡು ಸಲ ಹತ್ತಿಸಿ ಇಳಿಸುವ ಕೂಲಿ, ಅಲೆಯಲ್ಲಿ ನೆನೆದದ್ದರ ನಷ್ಟ, ಮಳೆಗಾಲದಲ್ಲಿ ಪೂರ್ತಿ ನಿಲುಗಡೆ.

ಪಣಂಬೂರಿನಲ್ಲಿ ಹೊಳೆಯ ಬಾಯಿಯ ಗೊಡವೆಯೇ ಬೇಡವೆಂದು ತೀರದ ಒಳಗೆ ನೆಲ ತೋಡಿ ಕೊಳ ಮಾಡಿದರು, ಕಡಲಿನ ತಳದಲ್ಲಿ ಉದ್ದನೆಯ ಕಾಲುವೆ ತೋಡಿ ಅದಕ್ಕೆ ಜೋಡಿಸಿದರು. 1974ರಲ್ಲಿ ದೊಡ್ಡ ಬಂದರೆಂದು ಘೋಷಣೆಯಾಗಿ 1975ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಕುದುರೆಮುಖದ ಅದಿರು ನೀರಿನೊಂದಿಗೆ ಕೊಳವೆಯಲ್ಲಿ ಸುಮಾರು 67 ಕಿ.ಮೀ. ಹರಿದು ಇಲ್ಲಿಗೆ ಬರುತ್ತಿತ್ತು. 2005ರ ಕೊನೆಗೆ ಗಣಿಗಾರಿಕೆ ನಿಂತಾಗ ಬಂದರು ದೊಡ್ಡ ಸರಕೊಂದನ್ನು ಕಳೆದುಕೊಂಡಿತು. ಅಷ್ಟರಲ್ಲಿ ಕಚ್ಚಾತೈಲ ಬಂದಿತ್ತು. ಘಟ್ಟದಾರಿಯವರ ಮಾತಿಗೆ ಇದೂ ಸಾಕ್ಷಿ: 1979ರಲ್ಲಿ ಹಾಸನದ ರೈಲು ಘಟ್ಟ ಇಳಿದ ಮೇಲೆಯೇ ಈ ಬಂದರಿಗೆ ಕರ್ನಾಟಕದ ಒಳನಾಡು ಹತ್ತಿರವಾಯಿತು.

ಹಳೆ ಅಳಿವೆಯನ್ನು ಮೀನುಗಾರಿಕೆ ದೋಣಿಗಳಿಗಾಗಿ ಉಳಿಸಲು ಬೆಂಗರೆ, ಉಳ್ಳಾಲ ಎರಡೂ ಬದಿ ಕಲ್ಲಿನ ತಡೆಗೋಡೆ ಹಾಕಿದರು. ತೀರದ ಉದ್ದಕ್ಕೂ ಸಾಗುವ ಮರಳನ್ನು ಗೋಡೆ ಒಂದು ಬದಿ ಹಿಡಿದು ನಿಲ್ಲಿಸಿದರೆ ಇನ್ನೊಂದು ಬದಿಗೆ ಮರಳು ಬರುವುದಿಲ್ಲ, ಅಲೆ ಮಾತ್ರ ಬರುತ್ತದೆ. ಉಳ್ಳಾಲದ ಮೊಗವೀರಪಟ್ಣ, ಕೋಟೆಪುರದ ಮನೆಗಳು ಮಳೆಗಾಲದಲ್ಲಿ ಕಡಲ ಪಾಲಾಗುವುದರಲ್ಲಿ ಇದರ ಪಾತ್ರ ಇದೆ. ಅಳಿವೆ ಮುಟ್ಟುವ ಮುಂಚೆ ಎರಡೂ ತೀರದ ಐದಾರು ಕಿಲೋಮೀಟರ್ ಲೆಕ್ಕ ಹಾಕಲೇಬೇಕು.

ಕಾಳುಮೆಣಸು_ಶರಾವತಿ

ಹೊನ್ನಾವರದ ಅಳಿವೆಯಲ್ಲಿ ಇಂದಿಗೂ ಮೀನುಗಾರಿಕೆ ದೋಣಿಗಳು ಮರಳಿನ ದಿಬ್ಬಕ್ಕೆ ಬಡಿದು ಒಡೆಯುತ್ತವೆ. ಮೇಲೆ ಹೇಳಿದ "ನೀರು ಏರುವಾಗ ಒಳಗೆ" ಎನ್ನುವುದು ಹಳೆ ಹಡಗಿನ ಶಾಸ್ತ್ರ ಮಾತ್ರ ಅಲ್ಲ.

ಕುಂದಾಪ್ರ_ಹುಡುಗ

ಕಾಲೇಜಿನವರು ತಂಡ ಕಟ್ಟಿ ಇವನ್ನೆಲ್ಲ ನೋಡಲು ಹೊರಟರೆ ಎಲ್ಲಿಂದ ಸುರು ಮಾಡುವುದು ಒಳ್ಳೇದು?

ಶಾಸನಪ್ರಿಯೆ

ಹಂಗಾರಕಟ್ಟೆಯಿಂದ. ಸೀತಾ, ಸ್ವರ್ಣಾ ಎರಡೂ ಕಡಲು ಸೇರುವುದು ಅಲ್ಲೇ, ಎದುರಿಗೆ ಕೋಡಿಬೆಂಗ್ರೆಯ ಮರಳುಪಟ್ಟಿ ಕಾಣುತ್ತದೆ. ಅದನ್ನು ಮೊದಲು ನೋಡಿದರೆ ಬಾರ್ಕೂರು ಒಳಗೆ ಯಾಕಿದೆ ಎಂದು ಯಾರೂ ವಿವರಿಸಬೇಕಾಗಿಲ್ಲ. ಅಲ್ಲಿಂದ ಬಾರ್ಕೂರಿಗೆ ಬಂದು ಕೋಟೆಕೇರಿಯ ಕೋಟೆಯ ಉಳಿಕೆ, ಕತ್ತಲೆ ಬಸದಿ, ಆಮೇಲೆ ಕೇರಿಯಿಂದ ಕೇರಿಗೆ ನಡೆದೇ ಹೋಗಿ. ದೇವಸ್ಥಾನದ ಅಂಗಳದಲ್ಲಿ ನಿಂತ ಶಾಸನದ ಕಲ್ಲಿಗೆ ಸುಣ್ಣ, ಸೀಮೆಸುಣ್ಣ, ಎಣ್ಣೆ ಏನನ್ನೂ ಬಳಿಯಬೇಡಿ, ಅಕ್ಷರ ಸವೆಯುತ್ತದೆ. ಬೆಳಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ ಓರೆ ಬಿಸಿಲಿನಲ್ಲಿ ಫೋಟೊ ತೆಗೆದರೆ ಕೊರೆದ ಗೆರೆಯಲ್ಲಿ ನೆರಳು ಬಿದ್ದು ಓದಲು ಬರುತ್ತದೆ. ಮೋಡ ಇದ್ದರೆ ಟಾರ್ಚನ್ನು ಕಲ್ಲಿನ ಬದಿಯಿಂದ ಹಿಡಿಯಿರಿ.

ಎರಡನೆಯ ದಿನ ಬಸ್ರೂರಿನ ಮಹಾಲಿಂಗೇಶ್ವರ ದೇವಸ್ಥಾನ ಮತ್ತು ವಾರಾಹಿಯ ದಡ, ಬಳಿಕ ಗಂಗೊಳ್ಳಿ.

ದಕ್ಕೆಬದಿ

ಮಂಗಳೂರಿಗೆ ಬಂದರೆ ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ತಣ್ಣೀರುಬಾವಿಗೆ ದಾಟಿ. ಹೊಳೆ ಒಂದು ಬದಿ, ಕಡಲು ಇನ್ನೊಂದು ಬದಿ, ನಡುವೆ ನಡೆದು ಮುಗಿಸಬಹುದಾದಷ್ಟು ಅಗಲದ ಮರಳು. ಹಳೆ ಬಂದರಿನಲ್ಲಿ ಮಂಜಿ ತುಂಬುವುದನ್ನು ನೋಡಬೇಕಾದರೆ ಅಕ್ಟೋಬರಿನಿಂದ ಮೇ ಮೊದಲ ವಾರದೊಳಗೆ ಬನ್ನಿ. ಹಲಗೆಯ ಮೇಲೆ ಕೂಲಿಯವರ ದಾರಿಗೆ ಅಡ್ಡ ನಿಲ್ಲಬೇಡಿ, ಸರಕು ಹೊತ್ತವರು ಹಲಗೆಯ ನಡುವೆ ನಿಂತರೆ ಆಯ ತಪ್ಪುತ್ತದೆ. ಹೊರಡುವ ಮೊದಲು ಆ ದಿನದ ಉಬ್ಬರದ ಹೊತ್ತು ನೋಡಿಕೊಳ್ಳಿ. ನೀರು ತುಂಬುವುದಕ್ಕೆ ಒಂದು ತಾಸು ಮುಂಚೆ ದಕ್ಕೆಯಲ್ಲಿದ್ದರೆ ಹಗ್ಗ ಬಿಚ್ಚುವುದರಿಂದ ಹಿಡಿದು ಎಲ್ಲವೂ ಕಾಣಸಿಗುತ್ತದೆ.